ಗುಡ್ಡ ಸರಿಯಿತೋ, ಗಾಳಿ ನೆನೆಯಿತೋ?

ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆ. ಒಳಗೆ ಬರೀ ಗಾಳಿ. ಅದರೊಳಕ್ಕೆ ಮೂರ್ನಾಲ್ಕು ಹನಿ ನೀರನ್ನು ಆವಿಯಾಗಿಸಿ ಬಿಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ತೇವಾಂಶ ಶೇ 1ರಷ್ಟು ಏರುತ್ತದೆ. ಅದು ನಮ್ಮ ಮೈಗೂ ಗೊತ್ತಾಗದು, ಒಣಹಾಕಿದ ಬಟ್ಟೆಗೂ ಗೊತ್ತಾಗದು. ಆದರೆ ಇಂಥ ಸಾವಿರ ಪೆಟ್ಟಿಗೆಗಳನ್ನು ಸಾಲಾಗಿಟ್ಟು ರೇಡಾರ್ ಅಲೆ ಹಾಯಿಸಿದರೆ, ಆಚೆ ತುದಿಯ ಬಂಡೆ 1 ಮಿಲಿಮೀಟರ್ ಹಿಂದೆ ಸರಿದಂತೆ ತೋರುತ್ತದೆ. ಬಂಡೆ ಮಾತ್ರ ಕೂತಲ್ಲೇ ಕೂತಿರುತ್ತದೆ.

ಕುಸಿಯಬಹುದಾದ ಗುಡ್ಡಗಳನ್ನು ಎದುರಿನಿಂದ ಕಾಯುವ ರೇಡಾರ್‌ಗಳಿಗೆ ಇದೇ ತಲೆನೋವು. ಹಲವು ರೇಡಾರ್‌ಗಳ ಅಲೆ ಸೆಕೆಂಡಿಗೆ ಸುಮಾರು 1,700 ಕೋಟಿ ಬಾರಿ ಕಂಪಿಸುತ್ತದೆ. ಒಂದೊಂದು ಅಲೆಯ ಉದ್ದ 2 ಸೆಂಟಿಮೀಟರ್‌ಗೂ ಕಡಿಮೆ. ಮರಳಿದ ಅಲೆ ತಾಳ ಎಷ್ಟು ತಪ್ಪಿದೆ ಎಂದು ನೋಡಿ, ಕಿಲೋಮೀಟರ್‌ಗಳಾಚೆಯ ಕಲ್ಲು ಕೂದಲೆಳೆಯಷ್ಟು ಜರುಗಿದ್ದನ್ನೂ ಹಿಡಿಯಬಹುದು. ಆದರೆ 2 ಕಿಲೋಮೀಟರ್ ದೂರದ ಗುಡ್ಡಕ್ಕೂ ರೇಡಾರ್‌ಗೂ ನಡುವೆ, ಅದೇ ತಾಪಮಾನದಲ್ಲಿ ತೇವಾಂಶ ಶೇ 10ರಷ್ಟು ಏರಿದರೆ, ಇಡೀ ಗುಡ್ಡ 20 ಮಿಲಿಮೀಟರ್ ಸರಿದಂತೆ ಲೆಕ್ಕ ಬರುತ್ತದೆ. ಇದು ರೇಡಾರ್ ಕಾಣುವ ಬಿಸಿಲುಗುದುರೆ.

ಸುಳ್ಳನ್ನು ಹಿಡಿಯಲು ಸಾಕ್ಷಿ ಬೇಕು. ಎಂದೂ ಅಲುಗದ ಬಂಡೆಗಳೇ ಆ ಸಾಕ್ಷಿ. ಅವು ಸರಿದಂತೆ ಕಂಡಷ್ಟೂ ಗಾಳಿಯ ಕಿತಾಪತಿ. ಹತ್ತಿರದ ಬಂಡೆಯಲ್ಲಿ ಆ ಸುಳ್ಳು ಕಡಿಮೆ, ದೂರದ್ದರಲ್ಲಿ ಹೆಚ್ಚು; ಗೆರೆ ಎಳೆದು ಲೆಕ್ಕ ಹಾಕಬಹುದು. ಕಡಿದಾದ ಇಳಿಜಾರಿನಲ್ಲಿ ಎತ್ತರವನ್ನೂ ಸೇರಿಸಬೇಕು, ಏಕೆಂದರೆ ಮೇಲೇರಿದಂತೆ ಗಾಳಿ, ಆವಿ ಎರಡೂ ತೆಳುವಾಗುತ್ತವೆ. ಹೀಗೆ ಸಿಕ್ಕ ಮೊತ್ತವನ್ನು ಪ್ರತಿ ಬಿಂದುವಿನಿಂದಲೂ ಕಳೆದರೆ ಉಳಿಯುವುದು ಗುಡ್ಡದ ನಿಜವಾದ ನಡೆ. ಸಾಕ್ಷಿಯೇ ಜಾರುತ್ತಿದ್ದರೆ ಲೆಕ್ಕವೆಲ್ಲ ವಾಲುತ್ತದೆ. ಹಾಗಾಗಿ ಒಂದನ್ನೇ ನಂಬುವಂತಿಲ್ಲ.

ಅಮೆರಿಕದ ಯೂಟಾದಲ್ಲಿ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯಿದೆ. ಅದರ ಗೋಡೆಯೊಂದು ಜರುಗುತ್ತಿರುವುದನ್ನು ರೇಡಾರ್ ಸೇರಿದಂತೆ ಹಲವು ಉಪಕರಣಗಳು ವಾರಗಳ ಮುಂಚೆಯೇ ಗುರುತಿಸಿದ್ದವು. 2013ರ ಏಪ್ರಿಲ್ 10ರ ರಾತ್ರಿ, ಸುಮಾರು ಒಂದೂವರೆ ಗಂಟೆಯ ಅಂತರದಲ್ಲಿ ಆ ಗೋಡೆ ಎರಡು ಕಂತಿನಲ್ಲಿ ಕುಸಿಯಿತು. ಬಿದ್ದದ್ದು ಸುಮಾರು 6.5 ಕೋಟಿ ಘನ ಮೀಟರ್ ಕಲ್ಲುಮಣ್ಣು. ನಮ್ಮ ಪೆಟ್ಟಿಗೆಗಳಲ್ಲಿ ತುಂಬಿ ಸಾಲಾಗಿಟ್ಟರೆ 65,000 ಕಿಲೋಮೀಟರ್. ಭೂಮಿಯನ್ನು ಒಂದೂವರೆ ಸುತ್ತು ಬಳಸಿಯೂ ಮಿಗುತ್ತದೆ.

ಕೆಲಸಗಾರರನ್ನು ಗಂಟೆಗಳ ಮುಂಚೆಯೇ ಹೊರಗೆ ಕಳಿಸಲಾಗಿತ್ತು. ಒಬ್ಬರಿಗೂ ಗಾಯವಾಗಲಿಲ್ಲ.