ಅಳಿಸಿದರೂ ತೆರವಾಗದ ಜಾಗ

ಲಿನಕ್ಸ್ ಕಂಪ್ಯೂಟರಿನ ಸಿಸ್ಟಂ ಪಾರ್ಟಿಶನ್ ಪೂರ್ತಿ ತುಂಬಿದರೆ ಒಂದೊಂದೇ ಕೆಲಸ ಕೈಕೊಡುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ; ಕೆಲವೊಮ್ಮೆ ಲಾಗಿನ್ ಆದರೂ ಡೆಸ್ಕ್‌ಟಾಪ್ ತೆರೆಯುವುದಿಲ್ಲ. ಗಾಬರಿಯಲ್ಲಿ ದೊಡ್ಡದೊಂದು ಲಾಗ್ ಫೈಲನ್ನು ಅಳಿಸುತ್ತೇವೆ. ಆದರೂ ಖಾಲಿ ಜಾಗ ಒಂದಿಷ್ಟೂ ಹೆಚ್ಚುವುದಿಲ್ಲ. ಯಾಕೆ?

ಯುನಿಕ್ಸ್‌ನಿಂದ ಲಿನಕ್ಸ್‌ಗೆ ಬಂದ ವ್ಯವಸ್ಥೆಯಲ್ಲಿ ಫೈಲಿನ ಹೆಸರೇ ಬೇರೆ, ಒಡಲೇ ಬೇರೆ. ಫೋಲ್ಡರಿನಲ್ಲಿರುವುದು ಹೆಸರು ಮತ್ತು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ತೋರಿಸುವ ದಾಖಲೆಯೇ ಐನೋಡ್. ಫೈಲಿನ ಗಾತ್ರವೆಷ್ಟು, ಒಡೆಯ ಯಾರು, ಮಾಹಿತಿ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ‘ಆರ್‌ಎಂ’ ಆಜ್ಞೆ ಹೆಸರನ್ನಷ್ಟೇ ಕಿತ್ತುಹಾಕುತ್ತದೆ. ಕೊನೆಯ ಹೆಸರೂ ಹೋಗಿ, ಫೈಲನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಗ್ರಾಂ ಕೂಡ ಅದನ್ನು ಮುಚ್ಚಿದ ಮೇಲೆಯೇ ಬ್ಲಾಕುಗಳು ಬಿಡುಗಡೆಯಾಗುತ್ತವೆ. ವೆಬ್ ಸರ್ವರ್ ಇನ್ನೂ ಬರೆಯುತ್ತಿರುವ ಲಾಗನ್ನು ಅಳಿಸಿದರೆ ಹೆಸರು ಮಾಯವಾಗುತ್ತದೆ, ಭಾರ ಹಾಗೇ ಉಳಿಯುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ‘ಡಿಯು’ ಆಜ್ಞೆ ಹೆಸರಿರುವ ಫೈಲುಗಳನ್ನು ಕೂಡಿ ಲೆಕ್ಕ ಕೊಡುತ್ತದೆ. ‘ಡಿಎಫ್’ ಫೈಲ್ ಸಿಸ್ಟಂ ಅನ್ನೇ ಕೇಳಿ ಹೇಳುತ್ತದೆ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಹೆಸರಿಲ್ಲದ ಫೈಲೊಂದು ಒಳಗಿರಬಹುದು. ಅದನ್ನು ಹಿಡಿದಿಟ್ಟ ಪ್ರೋಗ್ರಾಂ ಯಾವುದೆಂದು ‘ಎಲ್‌ಎಸ್‌ಒಎಫ್’ ತೋರಿಸುತ್ತದೆ. ಆ ಸೇವೆಯನ್ನು ಮರುಚಾಲನೆ ಮಾಡಿದರೆ ಸಾಕು.

ಬಳಸಲು ಸಿಗದ ಜಾಗ ಇನ್ನೊಂದಿದೆ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್ ಎಂಬ ಮುಖ್ಯ ಬಳಕೆದಾರನಿಗೆಂದು ಕಾದಿರಿಸುತ್ತದೆ. 100 ಜಿಬಿಯಲ್ಲಿ 5 ಜಿಬಿ. ಉಳಿದವರಿಗೆ ಡಿಸ್ಕ್ ತುಂಬಿದಾಗಲೂ ವ್ಯವಸ್ಥೆ ಉಸಿರಾಡಲಿ ಎಂಬುದಕ್ಕಾಗಿ ಈ ಮೀಸಲು. ಸಿಸ್ಟಂ ಪಾರ್ಟಿಶನ್‌ನಲ್ಲಿ ಅದಕ್ಕೆ ಕೈ ಹಾಕಬಾರದು.

ಡೆಬಿಯನ್, ಉಬುಂಟುಗಳಲ್ಲಿ ನಿಶ್ಚಿಂತೆಯಿಂದ ತೆಗೆಯಬಹುದಾದದ್ದು ಬೇರೆಯೇ ಇದೆ. ಇನ್‌ಸ್ಟಾಲ್ ಆದ ಮೇಲೂ ಉಳಿದ ಪ್ಯಾಕೇಜ್ ಫೈಲುಗಳನ್ನು ‘ಆಪ್ಟ್ ಕ್ಲೀನ್’ ತೆಗೆಯುತ್ತದೆ. ಬೇಡವಾದ ಹಳೆಯ ಕರ್ನಲ್‌ಗಳನ್ನು ‘ಆಪ್ಟ್ ಆಟೋರಿಮೂವ್’ ತೆಗೆಯುತ್ತದೆ. ಸಿಸ್ಟಂಡಿ ಬರೆದಿಡುವ ಲಾಗ್, ಅಂದರೆ ಜರ್ನಲ್, ಮಿತಿ ಹಾಕದಿದ್ದರೆ, 4 ಜಿಬಿವರೆಗೂ ಬೆಳೆಯಬಲ್ಲದು. ಅದನ್ನು ‘ಜರ್ನಲ್‌ಸಿಟಿಎಲ್’ ಮೂಲಕವೇ ಕುಗ್ಗಿಸಬಹುದು. ‘ಬೂಟ್’ ಫೋಲ್ಡರಿನ ಕರ್ನಲ್ ಫೈಲುಗಳನ್ನು ಮಾತ್ರ ಕೈಯಾರೆ ಅಳಿಸಬೇಡಿ. ಮರುದಿನ ಕಂಪ್ಯೂಟರ್ ಏಳದೇ ಹೋಗಬಹುದು.

ಡಿಸ್ಕ್ ತುಂಬಿದಾಗ ಮೊದಲು ಅಳೆಯಿರಿ, ಆಮೇಲೆ ಅಳಿಸಿ. ಏನು ಅಳಿಸುತ್ತಿದ್ದೇವೆಂದು ತಿಳಿಯದಿದ್ದರೆ ಎಂಟರ್ ಒತ್ತಲೇಬೇಡಿ.