ಆಟಗಾರನ ಎರಡನೆಯ ಆಯುಸ್ಸು

2020ನೆಯ ಇಸವಿಯ ಅಕ್ಟೋಬರ್ 12ರಂದು, ಇನ್ನೂ ಐವತ್ತು ತುಂಬದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಕಾಲ್ಚೆಂಡಾಟಗಾರ ಕಾರ್ಲ್‌ಟನ್ ಚಾಪ್ಮನ್ನರ ಹೆಸರು ನಮ್ಮ ಶಿರಾ ಸೀಮೆಯ ಓದುಗರಲ್ಲಿ ಅನೇಕರಿಗೆ ಅಪರಿಚಿತವಾಗಿದ್ದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಶಾಲಾ ಬಯಲುಗಳಲ್ಲಿ ಸಂಜೆಯ ಹೊತ್ತು ಕಾಣಸಿಗುವುದು ಕಬಡ್ಡಿ, ಖೋ ಖೋ, ವಾಲಿಬಾಲು, ಮತ್ತು ಇವೆಲ್ಲವನ್ನೂ ಮೂಲೆಗೆ ತಳ್ಳಿ ತಾನೊಂದೇ ಮೆರೆಯುತ್ತಿರುವ ಕ್ರಿಕೆಟ್ಟು. ಕಾಲ್ಚೆಂಡಾಟವಾದರೋ ಬಹುಕಾಲದಿಂದ ಬೆಂಗಳೂರಿನ ದಂಡುಪ್ರದೇಶದ ವಿದ್ಯೆಯಾಗಿಯೇ ಉಳಿದುಬಂದಿದೆ. ಆದರೆ ನಾನು ಚಾಪ್ಮನ್ನರ ವಿಷಯವನ್ನು ಎತ್ತಿದ್ದು ಅವರು ಆಡಿದ ಆಟವನ್ನು ಕೊಂಡಾಡುವುದಕ್ಕಾಗಿ ಮಾತ್ರವಲ್ಲ. ಆಟವನ್ನು ಬಿಟ್ಟ ಮೇಲೆ ಒಬ್ಬ ಆಟಗಾರನು ತನ್ನ ವಿದ್ಯೆಯನ್ನು ಹೊತ್ತು ಎಲ್ಲಿಗೆ ಹೋಗಬೇಕು, ಯಾರಿಗೆ ಅದನ್ನು ಧಾರೆಯೆರೆಯಬೇಕು ಎಂಬ ಪ್ರಶ್ನೆಗೆ ನಮ್ಮ ದೇಶ ಎಂಥ ಉತ್ತರವನ್ನು ಕೊಟ್ಟಿದೆಯೆಂಬುದು ಅವರ ಜೀವಿತದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಅಪರೂಪ.

ದಂಡುಪ್ರದೇಶದ ವಿದ್ಯೆಯೆಂದೆನಷ್ಟೆ. ಬ್ರಿಟಿಷ್ ಪಡೆಗಳ ಸೈನಿಕರು ತಂದ ಈ ಆಟವನ್ನು ಅಲ್ಲಿನ ಬಡಾವಣೆಗಳ ಬಡಮಕ್ಕಳು ಬರಿಗಾಲಿನಲ್ಲಿ ಕಲಿತು, ಕಲಿಸಿದವರಿಗೇ ಸಮನಾಗಿ ನಿಲ್ಲುವಷ್ಟು ಸಿದ್ಧಿಯನ್ನು ಪಡೆದರು. 1946-47ರಲ್ಲಿಯೂ 1952-53ರಲ್ಲಿಯೂ ಮೈಸೂರಿನ ತಂಡ ರಾಜ್ಯತಂಡಗಳ ರಾಷ್ಟ್ರೀಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತ ತಂಡ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2-1ರಿಂದ ಸೋತಾಗ, ನಮ್ಮ ಪಾಲಿನ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಕಾಲದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದ ಮುಂಚೂಣಿಯ ಐವರನ್ನು ವಂಗದೇಶದ ಜನ ಪಂಚಪಾಂಡವರೆಂದು ಕರೆದು ತಲೆಯ ಮೇಲೆ ಹೊತ್ತುಕೊಂಡಿದ್ದರು. ಆ ಐವರಲ್ಲಿ ಅಹಮದ್ ಖಾನ್, ಧನರಾಜ್ ಇವರಿಬ್ಬರೂ ನಮ್ಮ ಬೆಂಗಳೂರಿನವರೇ. ಇಂದಿಗೂ ಹಲಸೂರಿನ ಸಮೀಪದ ಗೌತಮಪುರಕ್ಕೆ ಹೋದವರು ಅಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನು ಕಾಣಬಹುದು. ಈ ಪರಂಪರೆಯ ಕಡೆಯ ದೊಡ್ಡ ಕುಡಿಗಳಲ್ಲಿ ಒಬ್ಬರಾಗಿ ಚಾಪ್ಮನ್ 1971ರ ಏಪ್ರಿಲ್ 13ರಂದು ಜನಿಸಿದರು.

ಅವರ ಆಟದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜಮ್‌ಶೇಡ್‌ಪುರದಲ್ಲಿ 1987ರಲ್ಲಿ ಸ್ಥಾಪಿತವಾದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತಿ ಪಡೆದು, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಎರಡು ವರ್ಷಗಳ ತರುವಾಯ ಪಂಜಾಬಿನ ಫಗ್ವಾಡಾದ ಜೆಸಿಟಿ ತಂಡಕ್ಕೆ ಹೋಗಿ, ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಇವರೊಡನೆ ಆಡಿ 1996-97ರ ಪ್ರಪ್ರಥಮ ರಾಷ್ಟ್ರೀಯ ಲೀಗನ್ನು ಗೆದ್ದರು. ಅನಂತರ ಒಂದು ಋತು ಕೇರಳದಲ್ಲಿ ಹೊಸದಾಗಿ ಹುಟ್ಟಿದ್ದ ಎಫ್‌ಸಿ ಕೊಚ್ಚಿನ್ನಿನಲ್ಲಿದ್ದು, ಮರಳಿ ಈಸ್ಟ್ ಬೆಂಗಾಲಿಗೆ ಬಂದು, 2000-01ರಲ್ಲಿ ಆ ಸಂಘ ರಾಷ್ಟ್ರೀಯ ಲೀಗನ್ನು ಗೆದ್ದಾಗ ಅದರ ನಾಯಕರಾಗಿದ್ದರು. ಆಡುತ್ತಿದ್ದುದು ಮಧ್ಯಕ್ಷೇತ್ರದಲ್ಲಿ. ಈ ಸ್ಥಾನದ ಮಹತ್ವ ಆಟವನ್ನು ಅರಿಯದವರಿಗೆ ಬೇಗನೆ ಹೊಳೆಯುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಕೆರೆಯ ತೂಬನ್ನು ಕಾಯುವ ನೀರುಗಂಟಿಯು, ಯಾವ ಹೊತ್ತಿಗೆ ಯಾರ ಗದ್ದೆಗೆ ಎಷ್ಟು ನೀರು ಹರಿಯತಕ್ಕದ್ದೆಂಬುದನ್ನು ನಿರ್ಣಯಿಸುವಂತೆ, ಚೆಂಡು ಯಾವ ಪಾರ್ಶ್ವಕ್ಕೆ, ಯಾವ ವೇಗದಲ್ಲಿ, ಯಾರ ಕಾಲಿಗೆ ಸಲ್ಲಬೇಕೆಂಬುದನ್ನು ಕ್ಷಣಮಾತ್ರದಲ್ಲಿ ತೀರ್ಮಾನಿಸುವವನು ಮಧ್ಯಕ್ಷೇತ್ರದ ಆಟಗಾರ. ಗೋಲಿನ ಕೀರ್ತಿಯಾದರೋ ಸಾಮಾನ್ಯವಾಗಿ ಮುಂದಿನವನಿಗೆ ಸಲ್ಲುತ್ತದೆ.

ಸಾಮಾನ್ಯವಾಗಿ ಎಂದೆ, ಏಕೆಂದರೆ 1993ರಲ್ಲಿ, ಏಷ್ಯಾದ ಕಪ್ ವಿಜೇತರ ಪಂದ್ಯಾವಳಿಯಲ್ಲಿ, ಇರಾಕಿನ ಬಲಿಷ್ಠ ಸಂಘವಾದ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿ ನೋಡುವವರನ್ನು ಬೆರಗುಗೊಳಿಸಿದಾಗ, ಆ ಆರರಲ್ಲಿ ಮೂರು ಗೋಲುಗಳನ್ನು ಹೊಡೆದವರು ಇಪ್ಪತ್ತೆರಡರ ಹರೆಯದ ಚಾಪ್ಮನ್ನರೇ. ಇದನ್ನು ಓದುವಾಗಲೆಲ್ಲ ನನಗೆ ಸ್ಮರಣೆಗೆ ಬರುವುದು ಆಸ್ಟ್ರಿಯಾ ದೇಶದ ಎರ್ನ್ಸ್ಟ್ ಹಾಪೆಲ್. 1925ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಹಾಪೆಲ್ ಮುನ್ನುಗ್ಗಿ ಗೋಲು ಹೊಡೆಯುವವನಲ್ಲ, ಹಿಂದೆ ನಿಂತು ತಡೆಯುವವನು. ಹಾಗಿದ್ದೂ 1956ರ ನವೆಂಬರಿನಲ್ಲಿ ತನ್ನ ರಾಪಿಡ್ ಸಂಘದ ಪರವಾಗಿ, ಆಗ ಯುರೋಪಿನ ಚಾಂಪಿಯನ್ ಆಗಿದ್ದ ರಿಯಲ್ ಮ್ಯಾಡ್ರಿಡ್ಡಿನ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದು ರಾಪಿಡ್ಡಿಗೆ 3-1ರ ಜಯವನ್ನು ತಂದನು. ಎರಡು ಪಂದ್ಯಗಳ ಮೊತ್ತ 5-5 ಆಯಿತು. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆಯೆಂಬ ನಿಯಮ ಆ ಕಾಲಕ್ಕೆ ಇದ್ದಿದ್ದರೆ ರಾಪಿಡ್ ಗೆದ್ದಂತೆಯೇ. ಇರಲಿಲ್ಲವಾದ್ದರಿಂದ ಮೂರನೆಯ ಪಂದ್ಯವಾಡಿ ಸೋತಿತು. ಹಾಪೆಲ್ ತನ್ನ ದೇಶಕ್ಕಾಗಿ 51 ಪಂದ್ಯಗಳನ್ನಾಡಿ, 1954ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದ ತಂಡದಲ್ಲಿದ್ದು, 1959ರಲ್ಲಿ ಆಟದಿಂದ ನಿವೃತ್ತನಾದನು.

ಹಾಪೆಲ್ಲನ ನಿಜವಾದ ಚರಿತ್ರೆ ಆರಂಭವಾಗುವುದು ಇಲ್ಲಿಂದ ಮುಂದೆ. 1962ರಲ್ಲಿ ಹಾಲೆಂಡಿನ ಹೇಗ್ ನಗರದ ಸಾಧಾರಣ ಸಂಘವೊಂದರ ತರಬೇತುದಾರನಾಗಿ ಹೋದ ಈ ಮಿತಭಾಷಿಗೆ, ಸದಾ ಬೆರಳಸಂದಿಯಲ್ಲಿ ಸಿಗರೇಟು ಹಿಡಿದಿರುತ್ತಿದ್ದ ಈ ಮನುಷ್ಯನಿಗೆ, ಆ ಸಂಘವು ಏಳು ವರ್ಷಗಳ ಅವಕಾಶವನ್ನು ಕೊಟ್ಟಿತು. ಗೋಲಿನ ಅಡ್ಡಪಟ್ಟಿಯ ಮೇಲೆ ಡಬ್ಬಿಯೊಂದನ್ನು ಇರಿಸಿ, ಇಪ್ಪತ್ತು ಗಜ ದೂರದಿಂದ ಚೆಂಡು ಒದ್ದು ಅದನ್ನು ಬೀಳಿಸಿ, ಈಗ ನೀವು ಬೀಳಿಸಿರೆಂದು ಆಟಗಾರರಿಗೆ ಸವಾಲೆಸೆಯುತ್ತಿದ್ದನೆಂದು ಅವನ ಶಿಷ್ಯರು ಹೇಳುತ್ತಿದ್ದುದುಂಟು. ಏಳು ವರ್ಷಗಳಲ್ಲಿ ಆ ಸಂಘಕ್ಕೆ ದಕ್ಕಿದ ದೊಡ್ಡ ಬಹುಮಾನ 1968ರ ಹಾಲೆಂಡ್ ಕಪ್ ಒಂದೇ. ಆದರೆ ಆ ಏಳು ವರ್ಷಗಳಲ್ಲಿ ತರಬೇತುದಾರನೊಬ್ಬ ಪಕ್ವವಾಗಿದ್ದನು. 1970ರಲ್ಲಿ ಫೆಯೆನೂರ್ಡ್ ಸಂಘಕ್ಕೆ ಯುರೋಪಿಯನ್ ಕಪ್ಪನ್ನು ಗೆದ್ದುಕೊಟ್ಟನು. ಅದು ಹಾಲೆಂಡಿನ ಯಾವ ಸಂಘಕ್ಕೂ ಅದುವರೆಗೆ ದೊರೆಯದಿದ್ದ ಗೌರವ. 1978ರಲ್ಲಿ ಹಾಲೆಂಡ್ ತಂಡವನ್ನು ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಕೊಂಡೊಯ್ದನು. 1983ರಲ್ಲಿ ಜರ್ಮನಿಯ ಹ್ಯಾಂಬುರ್ಗ್ ತಂಡವು ಯುವೆಂಟಸ್ಸನ್ನು 1-0ಯಿಂದ ಸೋಲಿಸಿದಾಗ, ಎರಡು ಬೇರೆ ಬೇರೆ ಸಂಘಗಳೊಂದಿಗೆ ಯುರೋಪಿಯನ್ ಕಪ್ ಗೆದ್ದ ಪ್ರಪ್ರಥಮ ತರಬೇತುದಾರನೆನಿಸಿಕೊಂಡನು. 1992ರ ನವೆಂಬರ್ 14ರಂದು, ತನ್ನ ದೇಶದ ತಂಡಕ್ಕೆ ತರಬೇತಿ ಕೊಡುತ್ತಿರುವಾಗಲೇ, ಕ್ಯಾನ್ಸರಿನಿಂದ ತೀರಿಕೊಂಡನು. ನಾಲ್ಕು ದಿನಗಳ ಬಳಿಕ ಜರ್ಮನಿಯೆದುರು ಆಡಿದ ಆಸ್ಟ್ರಿಯಾ ತಂಡ ಅವನ ಟೋಪಿಯನ್ನು ಬೆಂಚಿನ ಮೇಲಿಟ್ಟುಕೊಂಡು 0-0 ಸಮ ಮಾಡಿಕೊಂಡಿತು. ವಿಯೆನ್ನಾದ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಡಲಾಯಿತು.

ಚಾಪ್ಮನ್ನರ ಎರಡನೆಯ ಆಯುಸ್ಸಿಗೆ ಬರೋಣ. 2001ರಲ್ಲಿ ಆಟ ನಿಲ್ಲಿಸಿದ ಅವರು ಮರುವರ್ಷವೇ ತಾವು ಕಲಿತ ಟಾಟಾ ಅಕಾಡೆಮಿಗೆ ಗುರುವಾಗಿ ಹಿಂದಿರುಗಿದರು. ಆಮೇಲೆ ಮೇಘಾಲಯದ ಶಿಲ್ಲಾಂಗಿಗೆ ತೆರಳಿ ರಾಯಲ್ ವಾಹಿಂಗ್ಡೋ ಎಂಬ ಸಂಘವನ್ನು ತಿದ್ದಿದರು. ಅವರ ಕೈಕೆಳಗೆ ಆ ಸಂಘ ಶಿಲ್ಲಾಂಗಿನ ಲೀಗನ್ನೂ ಬೊರ್ದೊಲೊಯ್ ಟ್ರೋಫಿಯನ್ನೂ ಗೆದ್ದುಕೊಂಡಿತು. ತರುವಾಯ ಕಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದಿಲ್ಲಿಯ ಸುದೇವ, ಕೋಳಿಕ್ಕೋಡಿನ ಕ್ವಾರ್ಟ್ಸ್. ಊರಿಂದೂರಿಗೆ ಅಲೆದ ಈ ಪಟ್ಟಿಯನ್ನು ನೋಡಿದರೆ ಚಾಪ್ಮನ್ನರಿಗೆ ಕೆಲಸವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ದೇಶದ ಅತ್ಯುನ್ನತ ಲೀಗಿನಲ್ಲಿ ಪ್ರಧಾನ ತರಬೇತುದಾರನ ಪೀಠವು ಅದರಲ್ಲಿ ಕಾಣಿಸುವುದೇ ಇಲ್ಲ.

ಅವರಿಗೆ ಯೋಗ್ಯತೆ ಸಾಲದೇ ಹೋಯಿತೆಂದು ವಾದಿಸುವವರಿರಬಹುದು. ನಾನು ಅದನ್ನು ಒಪ್ಪುವವನಲ್ಲ. ತರಬೇತುದಾರಿಕೆಯ ವಿದ್ಯೆ ಒಂದು ಸಂಘದ ನೆರಳಿನಲ್ಲಿ, ಸೋಲನ್ನೂ ಸೈರಿಸಿಕೊಳ್ಳುವ ಆಡಳಿತದ ಆಶ್ರಯದಲ್ಲಿ, ಹತ್ತಾರು ವರ್ಷಗಳಲ್ಲಿ ಮಾಗುವಂಥದು. ಹಾಪೆಲ್ ಆಡಿದ, ಆಡಿಸಿದ ಸಂಘಗಳಲ್ಲಿ ರಾಪಿಡ್, ಹೇಗ್, ಫೆಯೆನೂರ್ಡ್, ಬ್ರೂಝ್, ಹ್ಯಾಂಬುರ್ಗ್ ಇವೆಲ್ಲ ಇಂದಿಗೂ ಬಾಳುತ್ತಿವೆ. ಚಾಪ್ಮನ್ನರ ಸಂಘಗಳ ಗತಿಯನ್ನು ನೋಡಿ: ಎಫ್‌ಸಿ ಕೊಚ್ಚಿನ್ ಐದಾರು ವರ್ಷಗಳೊಳಗೆ ಮುಚ್ಚಿತು, ಪ್ರಥಮ ಲೀಗನ್ನು ಗೆದ್ದ ಜೆಸಿಟಿ 2011ರಲ್ಲಿ ಕದವಿಕ್ಕಿತು, ರಾಯಲ್ ವಾಹಿಂಗ್ಡೋ ರಾಷ್ಟ್ರೀಯ ಲೀಗಿನ ಉತ್ತರಾಧಿಕಾರಿಯಾದ ಐ-ಲೀಗಿನಲ್ಲಿ 2014-15ರಲ್ಲಿ ಮೂರನೆಯ ಸ್ಥಾನ ಗಳಿಸಿ, ಗಳಿಸಿದ ಕೂಡಲೇ ಲೀಗಿನಿಂದ ಹೊರನಡೆಯಿತು. ನಮ್ಮ ಬೆಂಗಳೂರಿನಲ್ಲಿ ಆಟಗಾರರಿಗೆ ಉದ್ಯೋಗವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕೊಡುತ್ತಿದ್ದ ಸಾರ್ವಜನಿಕ ಕಾರ್ಖಾನೆಗಳ ತಂಡಗಳೂ ಒಂದೊಂದಾಗಿ ರಾಷ್ಟ್ರಮಟ್ಟದಿಂದ ಮರೆಯಾದವು. ಎಚ್‌ಎಎಲ್ ತಂಡ ಐ-ಲೀಗಿನಲ್ಲಿ ಕಡೆಯದಾಗಿ ಆಡಿದ್ದು 2011-12ರಲ್ಲಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹಣದ ಹೊಳೆಯೊಡನೆ ಆರಂಭವಾದಾಗ, ಅದರ ಎಂಟು ತಂಡಗಳ ಪ್ರಧಾನ ತರಬೇತುದಾರರೆಲ್ಲರೂ ವಿದೇಶೀಯರು. ಆ ಲೀಗಿನಲ್ಲಿ ಮೊಟ್ಟಮೊದಲಿಗೆ ಭಾರತೀಯನೊಬ್ಬನು, ಖಾಲಿದ್ ಜಮೀಲ್, ಪೂರ್ಣಾವಧಿಯ ಪ್ರಧಾನ ತರಬೇತುದಾರನಾಗಿ ನೇಮಕಗೊಂಡದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಚಾಪ್ಮನ್ ಕಾಲವಾಗಿ ಒಂದು ವರ್ಷವಾಗಿತ್ತು.

ವಿದೇಶೀಯರು ಬರಕೂಡದೆಂಬುದು ನನ್ನ ಅಭಿಪ್ರಾಯವಲ್ಲ; ಹಾಪೆಲ್ಲನೇ ಹಾಲೆಂಡಿಗೆ ವಿದೇಶೀಯನಷ್ಟೆ. ಹೊರಗಿನವನನ್ನು ಕರೆತರುವ ಆಡಳಿತವು ಒಳಗಿನವನಿಗೂ ಅದೇ ಏಳು ವರ್ಷಗಳ ಸಹನೆಯನ್ನು ತೋರಲೆಂಬುದು ನನ್ನ ಮಾತು. ತಪ್ಪು ಆಡಳಿತದ್ದೊಂದೇ ಎನ್ನುವುದೂ ಪೂರ್ತಿ ನ್ಯಾಯವಲ್ಲ. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಆ ತಂಡವನ್ನು ಕಟ್ಟಿದ ತರಬೇತುದಾರ ರವಿ ಬಾಬು ರಾಜು ಅವರ ಹೆಸರನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಶಿರಾದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಎರಡೂವರೆ ಗಂಟೆಯ ಬಸ್ಸಿನ ಹಾದಿ. ಮಕ್ಕಳನ್ನು ಕರೆದುಕೊಂಡು ರಾಜಧಾನಿಗೆ ಹೋಗುವ ಓದುಗರು ಲಾಲ್‌ಬಾಗನ್ನೂ ವಿಧಾನಸೌಧವನ್ನೂ ತೋರಿಸಿದ ಮೇಲೆ, ಬಿಡುವಿದ್ದರೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುವ ಲೀಗ್ ಪಂದ್ಯವೊಂದನ್ನು ನೋಡಬೇಕೆಂದೂ, ಹಾಗೆ ನೋಡಿದಾಗ ಗೆರೆಯ ಹೊರಗೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿರುವ ತರಬೇತುದಾರನ ಹೆಸರೇನೆಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕೆಂದೂ ನನ್ನ ವಿನಂತಿ.