ಕವಿಯ ಕಲ್ಲು, ಭೂಮಿಯ ಕಲ್ಲು

ಕಲ್ಲು ಕರಗುವುದನ್ನು ನಾನು ಮೊದಲು ಕಂಡದ್ದು ಕಾವ್ಯದಲ್ಲಿ. ಅಲ್ಲಿ ಚಂದ್ರಕಾಂತ ಶಿಲೆಯು ಬೆಳುದಿಂಗಳು ಸೋಕಿದೊಡನೆ ನೀರೊಸರುತ್ತದೆ. ಸೂರ್ಯಕಾಂತವು ಬಿಸಿಲು ತಾಗಿದೊಡನೆ ಕಿಡಿ ಕಾರುತ್ತದೆ. ಈ ಶಿಲೆ ಯಾವ ಗಣಿಯದೆಂದು ಕವಿಯನ್ನು ಕೇಳುವುದು ಅರಸಿಕತೆಯೇ ಸರಿ. ಕಲ್ಪನೆಯ ಖನಿಜಕ್ಕೆ ಕಾವ್ಯಕ್ಕೆ ಬೇಕಾದ ಗುಣವಿದ್ದರೆ ಸಾಕು.

ಇಂಥ ಶಿಲೆಗಳನ್ನು ಸೃಷ್ಟಿಸಿದವರು ನಮ್ಮವರು ಮಾತ್ರವಲ್ಲ. ಅಮೆರಿಕದ ಚಿತ್ರಕಥೆಗಳ ನಾಯಕ ಸೂಪರ್‌ಮ್ಯಾನನಿಗೆ ಎದುರಿಲ್ಲ. ಸೋಲೇ ಇಲ್ಲದ ವೀರನ ಕತೆಯಲ್ಲಿ ಸ್ವಾರಸ್ಯವೆಲ್ಲಿಯದು? ಆದ್ದರಿಂದ ಅವನ ಬಲವನ್ನು ಹೀರುವ ಕ್ರಿಪ್ಟೊನೈಟ್ ಎಂಬ ಕಲ್ಲು ಹುಟ್ಟಿಕೊಂಡಿತು. ಸಿಡಿದುಹೋದ ಅವನ ಹುಟ್ಟುಗ್ರಹದ ಚೂರು ಅದು, ಹಸುರಾಗಿ ಹೊಳೆಯುತ್ತದೆ. 1943ರಲ್ಲಿ ರೇಡಿಯೋ ಧಾರಾವಾಹಿಯಲ್ಲಿ ಬಂದ ಈ ಕಲ್ಲಿಗೆ 2006ರ ಚಲಚ್ಚಿತ್ರವೊಂದು ರಾಸಾಯನಿಕ ಹೆಸರನ್ನೂ ಕೊಟ್ಟಿತು: ಫ್ಲೋರೀನ್ ಸಹಿತ ಸೋಡಿಯಂ ಲಿಥಿಯಂ ಬೋರಾನ್ ಸಿಲಿಕೇಟ್ ಹೈಡ್ರಾಕ್ಸೈಡ್.

ಇಲ್ಲಿಯವರೆಗೆ ಎಲ್ಲವೂ ಕಲ್ಪನೆ. ಆದರೆ ಸರ್ಬಿಯಾ ದೇಶದ ಯಾದರ್ ಕಣಿವೆಯಲ್ಲಿ 2004ರಲ್ಲಿ ಒಂದು ಬಿಳಿಯ ಖನಿಜ ದೊರೆತಿತ್ತು. ಲಂಡನ್ನಿನ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯದ ಕ್ರಿಸ್ ಸ್ಟ್ಯಾನ್ಲಿಯವರು ಅದರ ಘಟಕಗಳನ್ನು ತಿಳಿದು ಅಂತರಜಾಲದಲ್ಲಿ ಹುಡುಕಿದಾಗ ಎದುರಾದದ್ದು ಆ ಚಲಚ್ಚಿತ್ರದ ಕಲ್ಲು! ಫ್ಲೋರೀನ್ ಒಂದಿಲ್ಲ, ಉಳಿದುದೆಲ್ಲ ಅದೇ. ಹಸುರು ಹೊಳಪು ಮಾತ್ರ ಇರಲಿಲ್ಲ. ಅತಿನೇರಳೆ ಕಿರಣ ಬಿದ್ದರೆ ನಸುಗೆಂಪು ಬೆರೆತ ಕಿತ್ತಳೆಯ ಮಂದಕಾಂತಿ. ಕ್ರಿಪ್ಟಾನ್ ಎಂಬ ಅನಿಲ ಅದರಲ್ಲಿಲ್ಲವಾದ್ದರಿಂದ ಕತೆಯ ಹೆಸರು ಸಲ್ಲಲಿಲ್ಲ. ಕಣಿವೆಯ ಹೆಸರಿನಿಂದ ಅದು ಯಾದರೈಟ್ ಆಯಿತು.

ಕವಿಯ ಕಲ್ಲು ಯಾರ ಹೊಲವನ್ನೂ ಕೇಳುವುದಿಲ್ಲ. ಈ ಕಲ್ಲು ಕೇಳಿತು. ಅದರೊಳಗಿನ ಲಿಥಿಯಂ ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕು. ಗಣಿ ತೆರೆದರೆ ನೀರೂ ಮಣ್ಣೂ ಕೆಡುತ್ತವೆಂದು ಕಣಿವೆಯ ರೈತರು ಪ್ರತಿಭಟಿಸಿದರು. 2022ರ ಜನವರಿಯಲ್ಲಿ ಸರ್ಕಾರ ಗಣಿ ಕಂಪನಿಯ ಪರವಾನಿಗೆಯನ್ನು ರದ್ದುಮಾಡಿತು. ಆ ಕ್ರಮ ಸಂವಿಧಾನಬಾಹಿರವೆಂದು ನ್ಯಾಯಾಲಯ ತೀರ್ಪಿತ್ತ ಮೇಲೆ, 2024ರ ಜುಲೈಯಲ್ಲಿ, ಯೋಜನೆಗೆ ಮತ್ತೆ ಜೀವ ಬಂದಿತು. ಮರುತಿಂಗಳೇ ಬೆಲ್‌ಗ್ರೇಡಿನ ಬೀದಿಗಳಲ್ಲಿ ಸಹಸ್ರಾರು ಜನ ನೆರೆದರು.

ಹೊಗೆಯಿಲ್ಲದ ವಾಹನವನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಈ ವ್ಯಾಜ್ಯದಲ್ಲಿ ತೀರ್ಪು ಹೇಳಲು ನನ್ನ ನಾಲಗೆ ತಡವರಿಸುತ್ತದೆ. ನನ್ನೂರಿನ ಗಾಳಿ ತಿಳಿಯಾಗಲೆಂದು ಇನ್ನೊಬ್ಬರ ಬಾವಿ ಕದಡಬೇಕೆ? ಚಂದ್ರಕಾಂತವನ್ನು ಎಲ್ಲಿ ಅಗೆದೆಯೆಂದು ಕವಿಯನ್ನು ಕೇಳಬೇಕಾಗಿಲ್ಲ; ಯಾದರೈಟಿನ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳದಿರುವುದೇ ಅರಸಿಕತೆ.